ಏಳು ಹೊರಸಿನ ಹಗ್ಗ

ಮದುವೆಯ ಹೊಸದರಲ್ಲಿ ಹೆಂಡತಿಯ ಮುಂದೆ ಒಂದಾದರೂ ಸುಳ್ಳು ಹೇಳದ ಗಂಡಸು ಇರಲಾರ. ಕೆಲವರು ಸಂಬಳ ಹೆಚ್ಚಿಸಿ ಹೇಳುತ್ತಾರೆ, ಕೆಲವರು ಅಡುಗೆ ಬರುತ್ತದೆ ಎನ್ನುತ್ತಾರೆ. ನಾನು ಈಜು ಬರುತ್ತದೆ ಎಂದಿದ್ದೆ. ಪುಣೆಯಲ್ಲಿ ಸಂಸಾರ ಹೂಡುವವನಿಗೆ ಇದಕ್ಕಿಂತ ಸುರಕ್ಷಿತವಾದ ಸುಳ್ಳು ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ನಮ್ಮ ಬಿಲ್ಡಿಂಗಿನ ನಲ್ಲಿಗೇ ನೀರು ಬರುವುದು ಒಂದೇ ಹೊತ್ತು. ಪರೀಕ್ಷೆ ಮಾಡುವವರು ಯಾರು?

ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಬಾಗಲಕೋಟೆ ಕಡೆಯ ನಮ್ಮೂರಿನ ಬಾವಿಯಲ್ಲಿ ಮೂರು ಬೇಸಿಗೆ ಬಿದ್ದು ಎದ್ದವನು ನಾನು. ಅಲ್ಲಿ ಈಜು ಕಲಿಯುವವರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳುವುದು ವಾಡಿಕೆ. ಬುರುಡೆ ತೇಲುತ್ತದೆ, ಅದರ ಜೊತೆ ನಾವೂ. ಓರಗೆಯವರ ಬುರುಡೆಗಳು ಒಂದೆರಡು ವಾರದಲ್ಲಿ ಬಿಚ್ಚಿದವು; ನನ್ನದು ಮೂರನೆಯ ಬೇಸಿಗೆಯಲ್ಲೂ ಬೆನ್ನ ಮೇಲೇ ಇತ್ತು. ಅವ್ವ ಪ್ರತಿವರ್ಷ ನನಗೆಂದೇ ಒಂದು ದೊಡ್ಡ ಕಾಯಿಯನ್ನು ಬಳ್ಳಿಯಲ್ಲಿ ಒಣಗಲು ಬಿಡುತ್ತಿದ್ದಳು. ಕಥೆ ಹೇಳುವಾಗ ನಾನು ಕಟ್ಟೆಯ ಮೇಲಿಂದ ಹಾರಿದ್ದನ್ನು ಹೇಳುತ್ತಿದ್ದೆ, ಬುರುಡೆಯನ್ನು ಬಿಟ್ಟುಬಿಡುತ್ತಿದ್ದೆ. ನೆಂಟರು ಬಂದಾಗಲೆಲ್ಲ ನನ್ನ ಹೆಂಡತಿ ಸುಮಂಗಲಾ ತಾನಾಗಿಯೇ "ಆ ಬಾವಿ ಕಥಿ ಹೇಳ್ರಿ" ಎಂದು ಎತ್ತಿಕೊಡುತ್ತಿದ್ದಳು. ಹದಿನೆಂಟು ವರ್ಷಗಳಲ್ಲಿ ಆ ಕಟ್ಟೆ ಎರಡಾಳು ಎತ್ತರ ಬೆಳೆಯಿತು.

ಗಂಡಾಂತರ ಬಂದದ್ದು ಒಂಬತ್ತನೆಯ ಇಯತ್ತೆಯಲ್ಲಿರುವ ಮಗಳು ಮೇಘಾಳ ಮೊಬೈಲಿನಿಂದ. ಮೆಕ್ಸಿಕೋ ಎಂಬ ದೇಶದಲ್ಲಿ ನೆಲ ಕುಸಿದು ಆದ ಹೊಂಡಗಳಿವೆಯಂತೆ, ಒಳಗೆ ನೀರು ತುಂಬಿದ ಗುಹೆಗಳಂತೆ. ಜನ ವಿಮಾನ ಹತ್ತಿ ಹೋಗಿ ಅವುಗಳಲ್ಲಿ ಧುಮುಕುತ್ತಾರಂತೆ. ನಮ್ಮಲ್ಲಿ ನೆಲ ಕುಸಿದರೆ ಪಂಚನಾಮೆಗೆ ಕಂದಾಯದ ತಲಾಠಿ ಬರುತ್ತಾನೆ, ಅಲ್ಲಿ ಪ್ರವಾಸಿಗಳು ಬರುತ್ತಾರೆ! ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪುಣೆಯ ಹತ್ತಿರದ ಭೋರ್ ದಾಟಿದ ಮೇಲೆ ನದಿಯ ಕಲ್ಲುಹಾಸಿನಲ್ಲಿ ನೀರು ತಾನೇ ಕೊರೆದುಕೊಂಡ ಅಂಥದೇ ಒಂದು ಹೊಂಡವಿರುವುದನ್ನು ಅವಳು ಹುಡುಕಿ ತೆಗೆದಳು.

"ಪಪ್ಪಾ, ನಾನು ಕ್ಲಾಸಿನ ಪೂಲ್‌ನ್ಯಾಗ ಕಲ್ತೀನಿ. ನೀ ಬಾವ್ಯಾಗ ಕಲ್ತೀ. ಇಬ್ಬರೂ ಹಾರೂಣು!"

"ಲೋಣಾವಳಾಕ್ಕ ಹೋಗೂಣವ್ವಾ, ಚಿಕ್ಕಿ ತರೂಣು" ಎಂದೆ. ಸೊಂಟ ನೋವು ಎಂದೆ. ಅಮಾವಾಸ್ಯೆ ಹತ್ತಿರ ಬಂತು ಎಂದೆ. ಯಾವುದೂ ನಡೆಯಲಿಲ್ಲ. ನಿಜ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಆದರೆ ಗೆಳತಿಯರ ಮುಂದೆ "ನಮ್ಮ ಪಪ್ಪಾ ಭಾರೀ ಈಸ್ತಾರ" ಎಂದು ಹೇಳಿಕೊಂಡು ಬಂದ ಹುಡುಗಿಯ ಮುಖ ನೋಡಿ ಹೂಂ ಎಂದುಬಿಟ್ಟೆ. ಅವಳ ಕಣ್ಣಲ್ಲಿ ಸಣ್ಣವನಾಗುವುದಕ್ಕಿಂತ ಮುಳುಗುವುದೇ ಮೇಲು ಎನಿಸಿತು.

ರವಿವಾರ ಹೊರಟೆವು. ಹೊಂಡದ ದಂಡೆಯ ಮರದಡಿ ತೇಲುವ ಜಾಕೆಟ್ಟುಗಳ ರಾಶಿ ಹಾಕಿಕೊಂಡು ಆ ಊರಿನ ಮುದುಕನೊಬ್ಬ ಕುಳಿತಿದ್ದ. ಎಲ್ಲರೂ ತಾತ್ಯಾ ಎನ್ನುತ್ತಿದ್ದರು. ಹಿಂದೆ ಊರವರು ತಾವು ಮಲಗುವ ಏಳು ಹೊರಸುಗಳ ಹಗ್ಗ ಬಿಚ್ಚಿ, ಗಂಟು ಹಾಕಿ, ಕಲ್ಲು ಕಟ್ಟಿ ಇಳಿಬಿಟ್ಟರೂ ಇದರ ತಳ ಸಿಗಲಿಲ್ಲವೆಂದು ಮರಾಠಿಯಲ್ಲಿ ವರ್ಣಿಸಿದ. ನನ್ನ ಹೊಟ್ಟೆಯಲ್ಲಿ ಎಂಟನೆಯ ಹೊರಸಿನ ಹಗ್ಗವೂ ಬಿಚ್ಚಿತು. ಆದರೆ ಮುಂದಿನ ಮಾತು ಅಮೃತದಂತಿತ್ತು: ಜಾಕೆಟ್ ಇಲ್ಲದೆ ಯಾರೂ ನೀರಿಗಿಳಿಯುವಂತಿಲ್ಲ. ಕುಲದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ಮೋರೆ ಗಂಟು ಹಾಕಿಕೊಂಡು, "ಛೇ, ನನಗ್ಯಾತಕ್ಕ ಇದೆಲ್ಲಾ?" ಎಂದೆ.

ಆಡಬಾರದಿತ್ತು. ಮೇಘಾ ಓಡಿಹೋಗಿ, ಅಪ್ಪ ಬಾವಿಯಲ್ಲಿ ಪಳಗಿದವನೆಂದು ತಾತ್ಯಾನಿಗೆ ವರದಿ ಒಪ್ಪಿಸಿದಳು. ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಗೌರವದಿಂದ ಎದ್ದು ನಿಂತ. "ಮಗ ತುಮ್ಹಾಲಾ ಕಶಾಲಾ ಜಾಕೆಟ್? ಮಾರಾ ಉಡೀ!" ಎಂದ. ನಿಮಗೇಕೆ ಜಾಕೆಟ್, ಹಾರಿ ಎನ್ನುತ್ತಿದ್ದಾನೆ ಪುಣ್ಯಾತ್ಮ!

"ಅದು ಹಂಗಲ್ಲ, ನಿಯಮ ಅಂದ್ರ ನಿಯಮ" ಎಂದು ನಾನು ಭಾಷಣ ಶುರುಮಾಡಿದೆ. ಭೋಸರಿಯ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವ ನಾನು ಹೆಲ್ಮೆಟ್ ಇಲ್ಲದವನಿಗೆ ಒಂದು ನಟ್ಟನ್ನೂ ಕೊಡುವವನಲ್ಲ ಎಂಬುದನ್ನು ಎರಡು ಭಾಷೆಗಳಲ್ಲಿ ವಿವರಿಸಿದೆ. "ಪಪ್ಪಾ, ಇದು ಫ್ಯಾಕ್ಟರಿ ಅಲ್ಲ!" ಎಂದಳು ಮಗಳು. ಸುತ್ತ ಐದಾರು ಜನ ಸೇರಿದರು. ಬಟ್ಟೆ ಬಿಚ್ಚಿ ನಿಂತವನ ಮಾನ ಇನ್ನೇನು ಪೂರ್ತಿ ಹೋಗುವುದರಲ್ಲಿತ್ತು.

ಆಗ ಸುಮಂಗಲಾ ರಾಶಿಯಿಂದ ಒಂದು ಜಾಕೆಟ್ ಎತ್ತಿದಳು. "ಹಾಕ್ಕೊಳ್ರಿ. ದೊಡ್ಡವರು ಹಾಕ್ಕೊಂಡ್ರ ಹುಡುಗ್ರೂ ಹಾಕ್ಕೋತಾವ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನನ್ನ ಬೆನ್ನ ಹಿಂದೆ ನಿಂತು ಪಟ್ಟಿ ಬಿಗಿದಳು. ಆಮೇಲೆ ಕಿವಿಯ ಹತ್ತಿರ ಮೆಲ್ಲಗೆ, "ಬುರುಡಿ ಗಟ್ಟಿ ಕಟ್ಟೀನಿ. ಇನ್ನ ಹಾರ್ರಿ" ಎಂದಳು.

ತಿರುಗಿ ನೋಡಿದೆ. "ನಿನಗ ಯಾರು ಹೇಳಿದ್ರು?"

"ಅತ್ತಿಯವ್ರು. ಲಗ್ನ ಆದ ವಾರದಾಗನ. ನೀರಿನ ಕಡೆ ಹ್ವಾದ್ರ ಇವನ್ನ ಒಬ್ಬನ್ನ ಬಿಡಬ್ಯಾಡ ಅಂದಿದ್ರು."

ಹದಿನೆಂಟು ವರ್ಷ! ನಾಚಿಕೆಯಿಂದ ನೀರಿನ ಹೊರಗೆ ನಿಲ್ಲಲಾರದೆ ಹಾರಿಯೇಬಿಟ್ಟೆ. ಮುಳುಗಲಿಲ್ಲ. ಮಗಳು ಪಕ್ಕದಲ್ಲಿ ಕೈಕಾಲು ಬಡಿಯುತ್ತ ನಗುತ್ತಿದ್ದಳು. ಇಷ್ಟು ಸಂತೋಷ ನನಗೆ ಈಚೆಗೆ ಆದದ್ದಿಲ್ಲ. ಏಳು ಹೊರಸಿನ ಹಗ್ಗಕ್ಕೂ ತಳ ಸಿಗದ ಹೊಂಡದಲ್ಲಿ, ಹೆಂಡತಿಗೆ ಮೊದಲ ವಾರವೇ ಸಿಕ್ಕಿಬಿದ್ದವನು ತೇಲುತ್ತಿದ್ದೆ.

ಮೊನ್ನೆ ಸೊಲ್ಲಾಪುರದಿಂದ ನೆಂಟರು ಬಂದಿದ್ದರು. ಚಹಾ ಮುಗಿಯುತ್ತಲೇ ಸುಮಂಗಲಾ, "ಆ ಬಾವಿ ಕಥಿ ಹೇಳ್ರಿ" ಎಂದಳು. ಮನಸ್ಸಾಕ್ಷಿಗೆ ಅಂಜಿ ಕಟ್ಟೆಯನ್ನು ಎರಡು ಮೆಟ್ಟಿಲು ಕೆಳಗಿಳಿಸಿ ಹೇಳಿದೆ.

"ಅಷ್ಟ ಅಲ್ಲರೀ," ಎಂದಳು ಆಕೆ, ಕಪ್ಪುಬಸಿ ಎತ್ತಿಕೊಳ್ಳುತ್ತ, "ಇನ್ನೂ ಭಾಳ ಎತ್ತರ ಇತ್ತು."