ಚಾಕು ತೂರದ ಗೋಡೆ

ಒಣಹುಲ್ಲು, ಕುದುರೆಯ ಬೆವರು, ಪೈನ್ ಮರದ ಅಂಟು ಮೂರೂ ಬೆರೆತ ವಾಸನೆ. ಚಿಕ್ಕಂದಿನಲ್ಲಿ ತಾತ ಎತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಕೂರಿಸಿದಾಗ ಮೂಗಿಗೆ ಹತ್ತಿದ್ದು, ತಲೆ ನೆರೆತರೂ ವರ್ನನ್ ಟಲ್ಲಿಯನ್ನು ಬಿಟ್ಟಿರಲಿಲ್ಲ. ಮೊಂಟಾನಾದ ಆ ಕಣಿವೆಯಲ್ಲಿ ಎಲ್ಲರೂ ತಗಡಿನ ಶೆಡ್ ಹಾಕಿಸಿಕೊಂಡರೂ ಅವನು ತಾತನ ಮರದ ಕೊಟ್ಟಿಗೆಯನ್ನು ಮುಟ್ಟಗೊಡಲಿಲ್ಲ.

"ಇವತ್ತು ಬರೋ ಹಳೇ ಕಟ್ಟಡಗಳ ಸಮಿತಿಯಮ್ಮ ಇದು ಚಾರಿತ್ರಿಕ ಅಂತ ಫಲಕ ಹಾಕಿದ್ರೆ ಸರಿ. ಇಲ್ಲದಿದ್ರೆ ನಾಳೇನೇ ಕೆಡವಿಸ್ತೀನಿ," ಎಂದಿದ್ದಳು ಹೆಂಡತಿ ಲೋರ್ನಾ.

ಅದೇ ಬೆಳಿಗ್ಗೆ ಪಕ್ಕದ ಹೊಲದ ಆರ್ವೊ ಲೆಹ್ಟೊ ಬೇಲಿಗೆ ಮೊಣಕೈ ಊರಿ ನಿಂತ. ಅವನ ಹಿರಿಯರು ಫಿನ್‌ಲೆಂಡಿನವರು.

"ಫಲಕದಲ್ಲಿ ನಮ್ಮಜ್ಜನ ಹೆಸರೂ ಹಾಕಿಸಪ್ಪ. ಕೊಟ್ಟಿಗೆ ಕಟ್ಟಿದ್ದು ಅವನು. ನಿಮ್ಮಜ್ಜಿ ಚಳಿಗಾಲ ಪೂರ್ತಿ ಊಟ ಹಾಕಿದ್ಳಂತೆ, ಅದೇ ಕೂಲಿ."

ವರ್ನನ್‌ಗೆ ಮೈಯೆಲ್ಲ ಉರಿಯಿತು. "ಹುಟ್ಟಿದಾಗಿಂದ ಇದೇ ರಾಗ ನಿಂದು. ನಮ್ಮ ತಾತನಿಗೇನು ಕೊಡಲಿ ಹಿಡಿಯಕ್ಕೆ ಬರ್ತಿರಲಿಲ್ವಾ?"

"ಬರ್ತಿತ್ತು. ಅಗೋ," ಎಂದು ಆರ್ವೊ ಗದ್ದದಲ್ಲೇ ತಾತ ಕಟ್ಟಿದ್ದ ಕೋಳಿಗೂಡನ್ನು ತೋರಿಸಿದ.

ಅದು ಕುಡಿದವನಂತೆ ಒಂದು ಕಡೆಗೆ ವಾಲಿತ್ತು. ದಿಮ್ಮಿಗಳ ನಡುವೆ ಬೆರಳು ತೂರುವಷ್ಟು ಸಂದು, ಸಂದಿಗೆಲ್ಲ ಮೆತ್ತಿದ ಮಣ್ಣು.

ಇಂಥ ಅವಮಾನ ಸಹಿಸುವುದುಂಟೆ? ಸಮಿತಿಯವರ ಕಣ್ಣಿಗೆ ಇದು ಬೀಳಲೇಬಾರದೆಂದು ವರ್ನನ್ ಟ್ರ್ಯಾಕ್ಟರಿಗೆ ಸರಪಳಿ ಬಿಗಿದ.

"ಬೇಡ ಮಾರಾಯ, ಆಮೇಲೆ ಪೇಚಾಡ್ತೀಯ."

"ನೀನು ನಿನ್ನ ಬೇಲಿ ಕಾಯಿ."

ಒಂದೇ ಎಳೆತಕ್ಕೆ ಗೂಡು ಮಲಗಿತು. ಒಂದು ಕೋಳಿ ಲೋರ್ನಾ ಒಣಹಾಕಿದ ಬಟ್ಟೆಯ ಹಗ್ಗ ಹತ್ತಿತು, ಇನ್ನೊಂದು ಟ್ರಕ್ಕಿನ ಸೀಟಿನಲ್ಲಿ ಯಜಮಾನನಂತೆ ಕೂತಿತು, ಹುಂಜ ಕೊಟ್ಟಿಗೆಯ ನೆತ್ತಿಗೇರಿತು. ದಿಮ್ಮಿಗಳಿಗೆ ಬೆಂಕಿಯಿಟ್ಟ ಹೊಗೆ ಇನ್ನೂ ಏಳುತ್ತಿರುವಾಗಲೇ ಸಮಿತಿಯ ಮಿಸ್ ಹ್ಯಾಡ್ಲಿಯ ಕಾರು ಬಂತು.

ವರ್ನನ್ ಜೇಬಿನ ಚಾಕು ತೆಗೆದು ಕೊಟ್ಟಿಗೆಯ ಗೋಡೆಗೆ ಒತ್ತಿದ. "ನೋಡಿ ಮೇಡಂ, ಎಲ್ಲೂ ತೂರಲ್ಲ. ಒಂದು ಹಿಡಿ ಮಣ್ಣು ಮೆತ್ತಿಲ್ಲ. ನಮ್ಮ ತಾತನ ಕೈ."

ಆಕೆ ಮೂಲೆಯನ್ನು ಬೆರಳಿನಿಂದ ಸವರಿದಳು. "ತಾತ ಎಲ್ಲಿಯವರು?"

"ಮಿಸೌರಿ," ಎಂದು ಎದೆಯುಬ್ಬಿಸಿದ.

"ಅಲ್ಲಿಂದ ಬಂದೋರು ಸಂದು ಬಿಟ್ಟು ಮಣ್ಣು ಮೆತ್ತೋರು. ಇಲ್ಲಿ ಮೇಲಿನ ದಿಮ್ಮಿಯ ಹೊಟ್ಟೆ ಕೆತ್ತಿ ಕೆಳಗಿನದರ ಬೆನ್ನಿಗೆ ಕೂರಿಸಿದ್ದಾರೆ. ಇದು ಫಿನ್ನರ ಕೈ. ಹತ್ತಿರದಲ್ಲಿ ಫಿನ್ನರು ಯಾರಾದ್ರೂ ಇದ್ರಾ?"

ಬೇಲಿಯಾಚೆ ಆರ್ವೊ ಕೆಮ್ಮಿದ.

ಫಲಕ ಖಚಿತವಾಯಿತು, ಲೆಹ್ಟೊ ಕೊಟ್ಟಿಗೆ ಎಂದು. ವರ್ನನ್‌ನ ಮುಖ ಕಂಡು ಮರುಗಿದ ಆಕೆ ಮೆಲ್ಲಗೆ ಕೇಳಿದಳು: "ನಿಮ್ಮ ತಾತ ಕೈಯಾರೆ ಕಟ್ಟಿದ್ದು ಏನೂ ಉಳಿದಿಲ್ವಾ? ಆ ಮಣ್ಣು ಮೆತ್ತಿದ ಥರದ್ದು ಈ ಕಣಿವೇಲಿ ಒಂದೂ ಸಿಕ್ಕಿಲ್ಲ ನಮಗೆ. ಕೋಳಿಗೂಡಾದ್ರೂ ಸಾಕಿತ್ತು, ಅವರ ಹೆಸರಿಗೇ ಒಂದು ಫಲಕ ಹಾಕಬಹುದಿತ್ತು."

ಹುಂಜ ಕೂಗಿತು. ಎಲ್ಲರೂ ಹೊಗೆಯ ಕಡೆ ನೋಡಿದರು.

ಸಂಜೆ ವರ್ನನ್ ಕೊಟ್ಟಿಗೆಯ ಹೊಸ್ತಿಲಲ್ಲಿ ಕುದಿಯುತ್ತ ಕೂತಿದ್ದ. ಒಂದು ಮಾತಾಡಲಿ ಆ ಆರ್ವೊ, ಹಲ್ಲು ಉದುರಿಸಿಬಿಡುತ್ತೇನೆ. ನ್ಯಾಯ ಅನ್ನೋದು ಉಂಟಾ ಈ ಊರಲ್ಲಿ?

ಆರ್ವೊ ಬೇಲಿ ದಾಟಿ ಬಂದ. ನಗಲಿಲ್ಲ. ಕಂಕುಳಲ್ಲಿದ್ದ, ತಪ್ಪಿಸಿಕೊಂಡಿದ್ದ ಕೋಳಿಯನ್ನು ಕೆಳಗೆ ಬಿಟ್ಟು, ಬಟ್ಟೆ ಮುಚ್ಚಿದ ಬೋಗುಣಿಯ ಬಿಸಿ ಮೀನಿನ ಸಾರನ್ನೂ ಒಂದು ತುಂಡು ರೈ ಧಾನ್ಯದ ರೊಟ್ಟಿಯನ್ನೂ ಅವನ ಕೈಗಿತ್ತ.