ಚಪ್ಪಡಿಗಾಗಿ ನಿಂತ ಪಾಲಾಕ್ಷಪ್ಪ

ಅರಕಲಗೂಡು ತಾಲ್ಲೂಕು ಹಾಲುಗುಂಡಿಕೊಪ್ಪಲು ಗ್ರಾಮ ಪಂಚಾಯಿತಿ ಚುನಾವಣೆಗೆ ಹಿಟ್ಟಿನ ಗಿರಣಿ ಮಾಲೀಕರಾದ ಶ್ರೀ ಪಾಲಾಕ್ಷಪ್ಪನವರು ಸ್ಪರ್ಧಿಸಿದ್ದು ಆರಡಿ ಉದ್ದದ ಒಂದು ಕಲ್ಲುಚಪ್ಪಡಿಗಾಗಿ ಎಂಬುದನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಜನಸೇವೆಗಾಗಿ ಎಂದು ಕರಪತ್ರದಲ್ಲಿದ್ದರೆ ಅದು ಅಚ್ಚು ಹಾಕಿದವರ ಸ್ವಂತ ಅಭಿಪ್ರಾಯ.

ಎರಡು ವರ್ಷದ ಹಿಂದೆ ಪಂಚಾಯಿತಿಯವರು ಗಿರಣಿಯ ಬಾಗಿಲಿಗೆ ಅಡ್ಡಲಾಗಿ ನಾಲ್ಕಡಿ ಅಗಲದ ಚರಂಡಿ ತೋಡಿದರು. ಅದು ಎಲ್ಲಿಂದಲೂ ಬರುತ್ತಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ, ಅದರಲ್ಲಿ ನೀರೂ ಇರಲಿಲ್ಲ. ಎರಡನೇ ಹಂತದ ಕಾಮಗಾರಿಗೆ ಕಾಯುತ್ತಿತ್ತು, ಅಷ್ಟೆ. ರಾಗಿ ಡಬ್ಬ ಹೊತ್ತು ಬಂದ ಹೆಂಗಸರು ಚರಂಡಿಯಾಚೆ ನಿಂತು ನೋಡಿ ಕೊಣನೂರಿನ ಗಿರಣಿಗೆ ಹೋಗಲು ಬಸ್ಸು ಹತ್ತಿದರು.

"ನಿನ್ ಮಿಲ್ ಇಟ್ಟೇ ಚೆಂದ ಕಣಪ್ಪ," ಅಂದರು ಎಪ್ಪತ್ತು ದಾಟಿದ ಚಿಕ್ಕಲಕ್ಷ್ಮಮ್ಮ, ಆಚೆ ದಡದಿಂದ. "ಆದ್ರೆ ಈ ವಯಸ್ನಲ್ಲಿ ನಾನು ನೆಗೆಯಕಾಯ್ತದಾ? ಬಿದ್ರೆ ಸೊಂಟ ಯಾರ್ ಕೊಡ್ತಾರೆ?"

ಪಾಲಾಕ್ಷಪ್ಪ ಎರಡು ಹಲಗೆ ಹಾಸಿದರು. ಚರಂಡಿಯ ಮೇಲ್ಭಾಗದ ಸರ್ಕಾರಿ ಗಾಳಿಯನ್ನು ಒತ್ತುವರಿ ಮಾಡಿದ್ದೀರಿ, ಮೂರು ದಿನದೊಳಗೆ ತೆರವುಗೊಳಿಸಿ ಎಂದು ನೋಟಿಸ್ ಬಂತು. ಹಲಗೆ ತೆಗೆದರು. ಚಪ್ಪಡಿ ಹಾಕಿಕೊಡಿ ಎಂದು ಅರ್ಜಿ ಬರೆದುಕೊಂಡು ಪಂಚಾಯಿತಿ ಆಫೀಸಿಗೆ ಹೋದರು.

ಅಲ್ಲಿ ಒಂದು ತಪ್ಪು ಮಾಡಿದರು. ನಮ್ಮ ಕಡೆ ಗಿರಣಿಯಲ್ಲಿ ಜನ ಸಾಲು ನಿಲ್ಲುವುದಿಲ್ಲ, ಡಬ್ಬ ನಿಲ್ಲುತ್ತದೆ. ಬೆಳಗ್ಗೆ ಡಬ್ಬ ಇಟ್ಟು ಹೊಲಕ್ಕೆ ಹೋದರೆ ಸಂಜೆಗೆ ಹಿಟ್ಟು. ಡಬ್ಬದ ಸರದಿ ತಪ್ಪಿಸಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ. ಮೂವತ್ತು ವರ್ಷದ ಅಭ್ಯಾಸ ನೋಡಿ, ಪಾಲಾಕ್ಷಪ್ಪ ಅರ್ಜಿಯನ್ನು ಒಂದು ಡಬ್ಬದಲ್ಲಿ ಹಾಕಿ, ಆಫೀಸಿನ ಸಾಲಿನಲ್ಲಿಟ್ಟು ಮನೆಗೆ ಬಂದರು. ಕಾರ್ಯದರ್ಶಿ ರವೀಂದ್ರ ಡಬ್ಬವನ್ನು ಮೂರು ಸಲ ಹೆಸರು ಹಿಡಿದು ಕರೆದು, "ಅರ್ಜಿದಾರರು ಹಾಜರಿದ್ದರೂ ಮೌನ ವಹಿಸಿದರು" ಎಂದು ಷರಾ ಬರೆದರು.

ಮಾರನೇ ದಿನ ಪಾಲಾಕ್ಷಪ್ಪ ಖುದ್ದಾಗಿ ಹೋದರು.

"ಚಪ್ಪಡಿ ಆಗ್ಲೇ ಹಾಕಾಗಿದೆಯಲ್ಲ ಪಾಲಾಕ್ಷಪ್ನೋರೆ," ಎಂದು ರವೀಂದ್ರ ಫೋಟೋ ತೋರಿಸಿದರು. ಫೋಟೋದಲ್ಲಿ ಒಳ್ಳೇ ಚಪ್ಪಡಿಯೇ ಇತ್ತು. ಅದರ ಮೇಲೆ ವಾರ್ಡಿನ ಸದಸ್ಯ ದೇವರಾಜು ನಗುತ್ತಾ ನಿಂತಿದ್ದರು.

"ಸಾ, ಇದು ದೇವರಾಜಣ್ಣನ ಮನೆ ಮುಂದ್ಲು ಚಪ್ಪಡಿ."

"ಎಲ್ಲಿದ್ರೇನು? ದಾಖಲೇಲಿ ನಿಮ್ಮ ಹೆಸರಲ್ಲೇ ಇದೆ."

ಇರುವ ಚಪ್ಪಡಿಯ ಮೇಲೆ ಇನ್ನೊಂದು ಹಾಸಲು ನಿಯಮದಲ್ಲಿ ಅವಕಾಶವಿಲ್ಲ. ಮೊದಲು ಹಳೆಯದನ್ನು ತೆಗೆದಿದ್ದೇನೆಂದು ಬರೆದುಕೊಡಬೇಕು. ಪಾಲಾಕ್ಷಪ್ಪ ಪಾಪ, ಬರೆದುಕೊಟ್ಟರು. ಸಾರ್ವಜನಿಕ ಚಪ್ಪಡಿ ನಾಶಪಡಿಸಿದ್ದಕ್ಕೆ ಎರಡನೇ ನೋಟಿಸ್ ಬಂತು.

"ಇದ್ನ ಸರಿ ಮಾಡೋರು ಯಾರು ಸಾ?"

"ವಾರ್ಡ್ ಸದಸ್ಯರು ಸಭೇಲಿ ವಿಷಯ ಎತ್ತಬೇಕು."

ವಾರ್ಡ್ ಸದಸ್ಯರು ಚಪ್ಪಡಿಯ ಮೇಲೆ ನಿಂತಿದ್ದರು, ಎತ್ತುವುದು ಹೇಗೆ? ಅಷ್ಟರಲ್ಲಿ ಚುನಾವಣೆ ಬಂತು. ಹೆಂಡತಿ ನೀಲಾಂಬಿಕೆ ಗಂಡನಿಗೆ ಹೇಳಿದರು: "ನಿಮ್ಮಪ್ಪಾರು ಆಕಿದ ಮಿಲ್ಲು ಕಣ್ರೀ. ಬೆಲ್ಟ್ನ ಇಲಿ ತಿಂತಾ ಅವೆ. ಓಗಿ ನಿಂತ್ಕಳಿ ಅತ್ಲಾಗೆ." ಪಾಲಾಕ್ಷಪ್ಪ ನಿಂತರು.

ಪ್ರಚಾರ ಸರಳವಾಗಿತ್ತು. ಎದುರಾಳಿ ದೇವರಾಜು ಸಮುದಾಯ ಭವನ, ಬಸ್ ಸ್ಟ್ಯಾಂಡು, ಹೈಮಾಸ್ಟ್ ದೀಪ ಎಲ್ಲ ಕೊಡುತ್ತೇನೆಂದರು. ಪಾಲಾಕ್ಷಪ್ಪ ಯಾರಿಗೂ ಏನೂ ಕೊಡುತ್ತೇನೆನ್ನಲಿಲ್ಲ, ತಮಗೊಂದು ಚಪ್ಪಡಿ ಬೇಕೆಂದರು. ಇಷ್ಟು ಕಡಿಮೆ ಆಸೆಯ ಅಭ್ಯರ್ಥಿಯನ್ನು ಊರು ಕಂಡೇ ಇರಲಿಲ್ಲ. ನಲವತ್ತೊಂದು ಮತಗಳಿಂದ ಗೆದ್ದರು.

ಮೊದಲ ಸಭೆಯಲ್ಲೇ ಎದ್ದು ನಿಂತು ಚಪ್ಪಡಿ ಅಂದರು. ರವೀಂದ್ರ ನಿಯಮ ಓದಿದರು: ಸದಸ್ಯರು ತಮ್ಮ ಸ್ವಂತ ಅಂಗಡಿ ಮುಂದಿನ ವಿಷಯವನ್ನು ಸಭೆಯಲ್ಲಿ ಎತ್ತತಕ್ಕದ್ದಲ್ಲ.

"ಅಂಗಾದ್ರೆ ನಾನು ಗೆದ್ದಿದ್ದು ಯಾಕೆ ಸಾ?"

"ಅದು ಅಜೆಂಡಾದಲ್ಲಿಲ್ಲ." ರವೀಂದ್ರ ಕರುಣೆಯಿಂದ ಒಂದು ಹಾಳೆ ಮುಂದೆ ತಳ್ಳಿದರು. "ಚಪ್ಪಡಿ ಸುಸ್ಥಿತಿಯಲ್ಲಿದೆ ಅಂತ ಸದಸ್ಯರಾಗಿ ನೀವೇ ಸೈನ್ ಹಾಕಿ. ನಾಶದ ನೋಟಿಸಾದ್ರೂ ರದ್ದಾಗುತ್ತೆ."

ಪಾಲಾಕ್ಷಪ್ಪ ಪೆನ್ನು ತೆಗೆದು ಸೈನ್ ಹಾಕಿದರು. ಸಭೆ ಮೇಜು ಕುಟ್ಟಿ ಸ್ವಾಗತಿಸಿತು.

ಮಾರನೇ ಬೆಳಗ್ಗೆ ಗಿರಣಿಯ ಬಾಗಿಲು ತೆಗೆದರೆ ಹೊಸ್ತಿಲಲ್ಲೇ ಹದಿನಾಲ್ಕು ಡಬ್ಬ ಸಾಲಾಗಿ ಕೂತಿದ್ದವು. ಚರಂಡಿಯ ಈಚೆಗೆ! ಪಾಲಾಕ್ಷಪ್ಪನಿಗೆ ಕಣ್ಣು ತುಂಬಿ ಬಂತು. ಓಡಿಹೋಗಿ ಮೋಟಾರ್ ಹಾಕಿದರು. ಎರಡು ವರ್ಷದ ಮೇಲೆ ಮೆಷಿನ್ನು ಗುರುಗುಟ್ಟಿತು. ಮೊದಲ ಡಬ್ಬದ ಮುಚ್ಚಳ ತೆಗೆದರು. ಒಳಗೆ ವೃದ್ಧಾಪ್ಯ ವೇತನದ ಅರ್ಜಿ. ಎರಡನೆಯದರಲ್ಲಿ ರೇಷನ್ ಕಾರ್ಡ್. ಹದಿನಾಲ್ಕರಲ್ಲೂ ಒಂದು ಹಿಡಿ ರಾಗಿ ಇರಲಿಲ್ಲ.

ಮೊದಲ ಡಬ್ಬದ ಪಕ್ಕ ಚಿಕ್ಕಲಕ್ಷ್ಮಮ್ಮ ಸೀರೆ ಎತ್ತಿ ಕಟ್ಟಿ ಕೂತಿದ್ದರು.

"ಚರಂಡಿ ಎಂಗ್ ದಾಟುದ್ರಿ ಅಮ್ಮ?"

"ನೆಗೆದೆ ಕಣಪ್ಪ. ಪಿಂಚಣಿ ಅಂದ್ಮೇಲೆ ನೆಗೀಬೇಕಲ್ವಾ?"

"ಬಿದ್ದಿದ್ರೆ?"

"ಅದ್ಕೂ ಸೈನ್ ಆಕಕೆ ನೀನಿದ್ದೀಯಲ್ಲ."

"ರಾಗಿ?"

"ಕೊಣನೂರಲ್ಲಿ ಮಾಡುಸ್ಕ ಬಂದೆ. ಅದ್ಯಾಕೀಗ? ಮೋಟಾರ್ ಆರ್ಸು, ನಿನ್ ಮಾತು ಕೇಳುಸ್ತಿಲ್ಲ."

ಪಾಲಾಕ್ಷಪ್ಪ ಮೋಟಾರ್ ಆರಿಸಿದರು. ಅಂದಿನಿಂದ ರಾಗಿ ಸುರಿಯುವ ಬಾಯಲ್ಲಿ ಅರ್ಜಿಗಳನ್ನು ಜೋಡಿಸಿಡಲಾಗುತ್ತಿದೆ. ಡಬ್ಬದ ಸರದಿ ಇಂದಿಗೂ ಯಾರೂ ತಪ್ಪಿಸಿಲ್ಲ. ಊರಿನ ಆಡಳಿತ ಚೆನ್ನಾಗಿ ನಡೆಯುತ್ತಿದೆ ಎಂದೇ ಎಲ್ಲರ ಅಭಿಪ್ರಾಯ.

ಸದಸ್ಯರ ಮನೆಯಲ್ಲೂ ಮುದ್ದೆ ಆಗಬೇಕಲ್ಲ. ನೀಲಾಂಬಿಕೆ ವಾರಕ್ಕೊಮ್ಮೆ ರಾಗಿ ಡಬ್ಬ ಹೊತ್ತು ಕೊಣನೂರು ಬಸ್ಸಿಗೆ ಹೊರಡುತ್ತಾರೆ. ಮೊನ್ನೆಯೂ ಹೊರಟಾಗ ಪಾಲಾಕ್ಷಪ್ಪ ಸೈನ್ ಹಾಕುತ್ತಿದ್ದ ಕಾಗದದಿಂದ ತಲೆಯೆತ್ತಿ ಹೇಳಿದರು:

"ಚಪ್ಪಡಿ ಮ್ಯಾಲೆ ಉಸಾರಾಗಿ ಓಗು."

"ಆಯ್ತು ಕಣ್ರೀ," ಅಂದು ನೀಲಾಂಬಿಕೆ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಗೆದರು.