‘ಸಾಕು’ ಅಂದ ಮೇಲೂ ಎರಡಡಿ

ಡ್ರೈವರ್: ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. ದಾರಿ ಗೊತ್ತಿಲ್ಲದೋರ ಗಾಡಿ ನಾನು ಹತ್ತಲ್ಲ.

ಕಂಡಕ್ಟರಮ್ಮ: ಡಾಕ್ಟರಿಗೆ ದಾರಿ ಗೊತ್ತಿಲ್ಲ ಅಂತ ನಿಮಗೆ ಹೇಳಿದ್ದು ಯಾರು?

ಡ್ರೈವರ್: ಬೆಳಿಗ್ಗೆ ಅವರೇ ಹೇಳಿದ್ರಲ್ಲ. ಅದೇನೋ ಕನ್ನಡಕ ಹಾಕ್ಕೋತಾರಂತೆ. ಕಿಡ್ನಿ ಎಲ್ಲಿದೆ, ಗಡ್ಡೆ ಎಲ್ಲಿದೆ, ರಕ್ತನಾಳ ಎಲ್ಲಿ ತಿರುಗುತ್ತೆ ಅಂತ ಅದರಲ್ಲಿ ಬಣ್ಣಬಣ್ಣವಾಗಿ ಕಾಣುತ್ತಂತೆ. ಮ್ಯಾಪ್ ನೋಡ್ಕೊಂಡು ಓಡಿಸೋನನ್ನ ನಾನು ಯಾವತ್ತಾದ್ರೂ ಡ್ರೈವರ್ ಅಂತ ಒಪ್ಪಿದೀನಾ?

ಕಂಡಕ್ಟರಮ್ಮ: ನೀವು ಯಾರನ್ನೂ ಡ್ರೈವರ್ ಅಂತ ಒಪ್ಪಿಲ್ಲ. ಅಳಿಯಂದ್ರ ಹೊಸ ಮನೆ ಹುಡುಕುವಾಗ ಮ್ಯಾಪ್ ಬೇಡ ಅಂತ ಒಂದೇ ಪೆಟ್ರೋಲ್ ಬಂಕಿನ ಮುಂದೆ ಮೂರು ಸಲ ಹಾದ್ವಿ. ಮೂರನೇ ಸಲ ಬಂಕಿನವನು ಗುರುತು ಹಿಡಿದು ಕೈ ಬೀಸಿದ.

ಡ್ರೈವರ್: ಅದು ದಾರಿ ತಪ್ಪಿದ್ದಲ್ಲ. ಊರು ನೋಡಿದ್ದು.

ಮೂವತ್ತು ವರ್ಷ ಒಂದೇ ರೂಟಿನಲ್ಲಿ ಆತ ಸ್ಟೇರಿಂಗ್ ಹಿಡಿದಿದ್ದ, ಆಕೆ ಸೀಟಿ ಊದಿದ್ದಳು. ನಡುವೆ ಎಲ್ಲೋ ಒಂದು ಕಡೆ ಮದುವೆಯೂ ಆಗಿತ್ತು. ನಿವೃತ್ತಿಯಾದಾಗ ಸೀಟಿ ಡಿಪೋದಲ್ಲಿ ಉಳಿಯಿತು, ಬಾಯಿ ಮನೆಗೆ ಬಂತು. ಈಗ ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಆಕೆ ಒಪ್ಪಿಗೆ ಪತ್ರವನ್ನು ನಾಲ್ಕನೇ ಸಲ ಗಂಡನ ಮುಂದೆ ಹಿಡಿದಿದ್ದಳು. ನಾಳೆ ಬೆಳಿಗ್ಗೆ ಆಪರೇಶನ್. ಇವತ್ತು ನಾಲ್ಕು ಗಂಟೆಯೊಳಗೆ ಸಹಿ ಬೀಳದಿದ್ದರೆ ಆ ಸರದಿ ಬೇರೆಯವರಿಗೆ, ಇವರಿಗೆ ಇನ್ನೊಂದು ತಿಂಗಳು ಬಿಟ್ಟು. ಕ್ಯಾನ್ಸರ್ ಅಲ್ಲಿಯವರೆಗೆ ಸ್ಟಾಪಿನಲ್ಲಿ ತೆಪ್ಪಗೆ ನಿಂತು ಕಾಯುತ್ತದೆ ಎಂಬ ನಂಬಿಕೆ ಆಕೆಗಿರಲಿಲ್ಲ. ಆಕೆಗೂ ಹೆದರಿಕೆಯಿತ್ತು. ಅದನ್ನು ಈ ಮನುಷ್ಯನಿಗೆ ತೋರಿಸಿದರೆ ಕೆಲಸ ಕೆಟ್ಟಿತು ಎಂದು ಮಾತಿನಲ್ಲಿ ಮುಚ್ಚಿಟ್ಟಿದ್ದಳು.

ಡ್ರೈವರ್: ಮೂರು ತೂತು ಮಾಡಿ ಇಣುಕೋದು, ಆಮೇಲೆ ಕಾಣಲ್ಲ ಅಂತ ಕನ್ನಡಕ ಹಾಕೋದು. ನೆಟ್ಟಗೆ ಕೊಯ್ದು ನೋಡಿದ್ರೆ ಎಲ್ಲಾ ಕಾಣಲ್ವಾ?

ಕಂಡಕ್ಟರಮ್ಮ: ಕಾಣುತ್ತೆ ಬಿಡಿ. ಬಾನೆಟ್ ಎತ್ತಿದ ಹಾಗೆ ಎತ್ತಿಬಿಡಲಿ. ಆಮೇಲೆ ಎರಡು ತಿಂಗಳು ಮಲಗಿ. ಸೇವೆ ಮಾಡೋಕೆ ನಾನಿದೀನಿ, ನನಗಿನ್ನೇನು ಕೆಲಸ.

ಡ್ರೈವರ್: ಹಿಂದಿಂದ ಯಾರೋ ದಾರಿ ಹೇಳೋದು, ಮುಂದಿರೋನು ನಂಬೋದು. ಇದರ ಗತಿ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ? ಡಿಪೋ ಕಂಬ ಜ್ಞಾಪಕ ಇದೆಯಾ?

ಕಂಡಕ್ಟರಮ್ಮನ ಬೆನ್ನು ನೆಟ್ಟಗಾಯಿತು. ಇಪ್ಪತ್ತೆರಡು ವರ್ಷದ ಹಿಂದೆ, ಬಸ್ಸು ರಿವರ್ಸ್ ಬರುವಾಗ ಗುದ್ದಿಸಿಕೊಂಡು ಬಿದ್ದ ಕಂಬ ಅದು. ಡಿಪೋದವರು ಅದನ್ನು ಮಾರನೆಯ ವಾರವೇ ಎತ್ತಿ ನಿಲ್ಲಿಸಿದ್ದರು. ಇವರ ಮನೆಯಲ್ಲಿ ಮಾತ್ರ ಅದು ಇನ್ನೂ ಬಿದ್ದೇ ಇತ್ತು.

ಕಂಡಕ್ಟರಮ್ಮ: ‘ಬರ್ಲಿ, ಬರ್ಲಿ, ಸಾಕು’ ಅಂದೆ. ‘ಸಾಕು’ ಅಂದ ಮೇಲೂ ಎರಡಡಿ ಬಂದೋರು ಯಾರು?

ಡ್ರೈವರ್: ನೀನು ‘ಸಾಕು’ ಅನ್ನಲೇ ಇಲ್ಲ. ಯಾರ ಹತ್ರವೋ ಮಾತಾಡ್ತಾ ನಿಂತಿದ್ದೆ.

ಕಂಡಕ್ಟರಮ್ಮ: ಹೌದು, ಕಂಬದ ಹತ್ರ. ‘ಪಕ್ಕಕ್ಕೆ ಸರಿಯಪ್ಪಾ, ನಮ್ಮ ಯಜಮಾನ್ರು ಬರ್ತಿದಾರೆ’ ಅಂತ ಹೇಳ್ತಿದ್ದೆ.

ಅಷ್ಟರಲ್ಲಿ ಡಾಕ್ಟರ್ ಬಂದರು. ನಲವತ್ತರ ಆಸುಪಾಸಿನ ಹೆಂಗಸು. ಬೆಳಗಿನಿಂದ ಊಟ ಮಾಡಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಡಾಕ್ಟರ್: ಸಹಿ ಆಯ್ತಾ?

ಡ್ರೈವರ್: ಮೊದಲು ಇದು ಹೇಳಿ. ಗಡ್ಡೆ ಯಾವ ಕಡೆ?

ಡಾಕ್ಟರ್: ಎಡಗಡೆ ಕಿಡ್ನಿ. ಬೆಳಿಗ್ಗೇನೇ ಹೇಳಿದ್ನಲ್ಲ.

ಡ್ರೈವರ್ ಇದಕ್ಕೇ ಕಾದಿದ್ದವನಂತೆ ನಕ್ಕು ಅಂಗಿ ಎತ್ತಿದ. ಹೊಟ್ಟೆಯ ಬಲಗಡೆ ನೀಲಿ ಪೆನ್ನಿನಲ್ಲಿ ಒಂದು ಬಾಣ. ಅದರ ಪಕ್ಕದಲ್ಲಿ, ನೋಡುವವರಿಗೆ ತಲೆಕೆಳಗಾಗಿ, ‘ಇಲ್ಲಿ’ ಎಂದು ಬರೆದಿತ್ತು.

ಡ್ರೈವರ್: ಸ್ಕ್ಯಾನ್ ಫಿಲಂ ಹಿಡ್ಕೊಂಡು ಬಚ್ಚಲಮನೆ ಕನ್ನಡಿ ಮುಂದೆ ನಿಂತು ಹೊಂದಿಸಿ ನೋಡಿದೀನಿ. ಫಿಲಂನಲ್ಲಿ ಗಡ್ಡೆ ಬಲಕ್ಕಿದೆ. ಕನ್ನಡಿಲಿ ಬಲಕ್ಕೆ ಎಲ್ಲಿ ಬರುತ್ತೋ ಅಲ್ಲೇ ಗುರುತು ಹಾಕಿದೀನಿ. ಮೂವತ್ತು ವರ್ಷ ಕನ್ನಡಿ ನೋಡಿ ಬಸ್ ಓಡಿಸಿದೋನು ನಾನು. ನಿಮ್ಮ ಕನ್ನಡಕ ಎಡಕ್ಕೆ ಹೋಗು ಅನ್ನುತ್ತಾ? ದೊಡ್ಡ ನಮಸ್ಕಾರ ಅದಕ್ಕೆ.

ಡಾಕ್ಟರ್: ಯಜಮಾನ್ರೇ, ಫಿಲಂನಲ್ಲಿ ನೀವು ನನ್ನ ಎದುರಿಗಿರೋ ಹಾಗೆ ಕಾಣ್ತೀರಿ. ನನ್ನ ಬಲಗೈ ಕಡೆ ಇರೋದು ನಿಮ್ಮ ಎಡ. ಕನ್ನಡಿಯಲ್ಲಿ ನಿಮ್ಮ ಬಲ ಬಲಕ್ಕೇ ಇರುತ್ತೆ. ಗಟ್ಟಿಮುಟ್ಟಾಗಿರೋ ಕಿಡ್ನಿಗೆ ಗುರಿ ಇಟ್ಟಿದೀರಿ.

ಕಂಡಕ್ಟರಮ್ಮ: ಅದು ತಪ್ಪಲ್ಲ ಡಾಕ್ಟ್ರೇ. ಊರು ನೋಡಿದ್ದು.

ಡ್ರೈವರ್ ಬೆರಳಿಗೆ ಎಂಜಲು ಹಚ್ಚಿ ಬಾಣವನ್ನು ಉಜ್ಜಿದ. ಶಾಯಿ ಹೋಗಲಿಲ್ಲ, ಸುತ್ತಲೂ ಹರಡಿತು. ಸ್ವಲ್ಪ ಹೊತ್ತು ಅದನ್ನೇ ಉಜ್ಜುತ್ತಾ ಕುಳಿತ.

ಡ್ರೈವರ್: ನನಗೆ ಹೆದರಿಕೆ ಆಗ್ತಿದೆ ಕಣೇ. ನನ್ನನ್ನ ಮಲಗಿಸಿ ಇನ್ಯಾರೋ ಓಡಿಸ್ತಾರೆ. ನಾನು ಯಾವತ್ತು ಹಿಂದಿನ ಸೀಟಲ್ಲಿ ಕೂತಿದೀನಿ ಹೇಳು.

ಕಂಡಕ್ಟರಮ್ಮ ಅವನ ಅಂಗಿಯನ್ನು ಕೆಳಗೆಳೆದು ಸರಿಮಾಡಿದಳು.

ಕಂಡಕ್ಟರಮ್ಮ: ನನಗೂ ಆಗ್ತಿದೆ. ಅದಕ್ಕೇ ಬೆಳಿಗ್ಗೆಯಿಂದ ಬಾಯಿ ಮುಚ್ಚಿಲ್ಲ. ಡಾಕ್ಟ್ರೇ, ಆ ಕನ್ನಡಕ ತಪ್ಪು ತೋರಿಸಿದ್ರೆ?

ಡಾಕ್ಟರ್: ತೋರಿಸಬಹುದು. ಉಸಿರಾಡಿದ್ರೂ ಕಿಡ್ನಿ ಸ್ವಲ್ಪ ಜರುಗುತ್ತೆ. ಅದಕ್ಕೇ ಕೊಯ್ಯೋ ಮುಂಚೆ ಒಳಗೇ ಇನ್ನೊಂದು ಸಲ ಸ್ಕ್ಯಾನ್ ಮಾಡಿ, ಎರಡೂ ಹೊಂದುತ್ತಾ ಅಂತ ನೋಡ್ತೀನಿ. ಗಡ್ಡೆ ಕಿಡ್ನಿ ಒಳಗೆ ಹುದುಗಿದೆ, ಬರಿಗಣ್ಣಿಗೆ ಕಾಣಲ್ಲ. ಅಂಚು ಎಲ್ಲಿ ಅಂತ ಕನ್ನಡಕ ಹೇಳುತ್ತೆ. ಆಗ ಗಡ್ಡೆ ಅಷ್ಟೇ ತೆಗೆದು ಕಿಡ್ನಿ ಉಳಿಸೋಕೆ ನೋಡ್ತೀನಿ. ಓಡಿಸೋದು ನಾನೇ.

ಡ್ರೈವರ್: ಅಂದ್ರೆ ಹಿಂದೆ ನಿಂತು ‘ಬರ್ಲಿ, ಬರ್ಲಿ, ಸಾಕು’ ಅನ್ನುತ್ತೆ.

ಡಾಕ್ಟರ್: ಹೆಚ್ಚು ಕಡಿಮೆ ಅದೇ.

ಡ್ರೈವರ್ ಹೆಂಡತಿಯ ಕೈಯಿಂದ ಪೆನ್ನನ್ನೂ ಕಾಗದವನ್ನೂ ತೆಗೆದುಕೊಂಡ. ಸಹಿ ಮಾಡುವ ಜಾಗದಲ್ಲಿ ಪೆನ್ನು ಊರಿ ನಿಲ್ಲಿಸಿದ.

ಡ್ರೈವರ್: ಒಂದು ಮಾತು ಡಾಕ್ಟ್ರೇ. ಅದು ‘ಸಾಕು’ ಅಂದ ತಕ್ಷಣ ನಿಲ್ಲಿಸಿಬಿಡಿ. ನನ್ನ ಹಾಗೆ ‘ಇವಳಿಗೇನು ಗೊತ್ತು’ ಅಂತ ಇನ್ನೆರಡಡಿ ಹೋಗಬೇಡಿ.

ಕಂಡಕ್ಟರಮ್ಮ ಸ್ಟೂಲಿನಿಂದ ಎದ್ದಳು. ಬೆಳಗಿನಿಂದ ಯಾವ ಸಹಿಗಾಗಿ ಗೋಗರೆದಿದ್ದಳೋ ಆ ಕಾಗದವನ್ನು ಅವನ ಪೆನ್ನಿನ ಕೆಳಗಿಂದ ಎಳೆದುಕೊಂಡು, ಮಗುಚಿ, ಖಾಲಿ ಇದ್ದ ಮಗ್ಗುಲನ್ನು ಅವನ ಮುಂದಿಟ್ಟಳು.

ಕಂಡಕ್ಟರಮ್ಮ: ಮೊದಲು ಆ ಎರಡಡಿ ವಿಷಯ ಇಲ್ಲಿ ಬರೆದು ಸಹಿ ಹಾಕಿ. ಡಾಕ್ಟ್ರು ಸಾಕ್ಷಿ. ಆಪರೇಶನ್ನು ಆಮೇಲೆ ನೋಡೋಣ.